ಗೌಡರ ಬಾವಿಯ ಮೀನು

ಮೇ ತಿಂಗಳಲ್ಲಿ ಬುದ್ಧಿ ನೆಟ್ಟಗಿರುವ ಗಂಡಸು ಊಟ ಮುಗಿಸಿ ಬೇವಿನ ಗಿಡದ ಕೆಳಗೆ ಕಾಲು ಚಾಚುತ್ತಾನೆ. ನನ್ನ ಗಂಡ ಮೌಲಾಸಾಬ ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು, ಡಬ್ಬಿಯಲ್ಲಿ ಕೋಳಿ ಕರುಳು ತುಂಬಿಕೊಂಡು, ಗೆಳೆಯ ಭರಮಪ್ಪನ ಸ್ಕೂಟರಿನ ಹಿಂದೆ ಕೂತು ಮುನವಳ್ಳಿಯಿಂದ ಡ್ಯಾಮಿನ ಹಿನ್ನೀರಿಗೆ ಹೋಗುತ್ತಾನೆ. ಸಂಜೆ ಬರುವಾಗ ಮುಖ ಸುಟ್ಟ ಬದನೆಕಾಯಿ, ಕೈಯಲ್ಲಿ ಖಾಲಿ ಡಬ್ಬಿ. ಕರುಳನ್ನು ಮೀನು ತಿಂದಿತೋ ಆಮೆ ತಿಂದಿತೋ ಅಲ್ಲಾಹನಿಗೇ ಗೊತ್ತು. ಡಬ್ಬಿ ತೊಳೆಯುವ ಕೆಲಸ ಮಾತ್ರ ನನ್ನದು.

ಗಂಡನನ್ನು ಏಕವಚನದಲ್ಲಿ ಕರೆದೆನೆಂದು ಯಾರೂ ಹುಬ್ಬೇರಿಸಬೇಡಿ. ಎದುರಿಗೆ ನಾನು ‘ರೀ’ ಎಂದೇ ಕರೆಯುತ್ತೇನೆ. ಕಥೆ ಹೇಳುವಾಗ ಅಷ್ಟು ಮರ್ಯಾದೆ ಕೊಟ್ಟರೆ ನಿಜ ಹೇಳಲಾಗುವುದಿಲ್ಲ.

ನನ್ನ ಹೆಸರು ಹಮೀದಾಬಿ. ಮುನವಳ್ಳಿಯಲ್ಲಿ ನನ್ನದೊಂದು ಖಾರ ಕುಟ್ಟುವ ಗಿರಣಿ ಇದೆ. ಬೇಸಿಗೆಯಲ್ಲಿ ಸುತ್ತಲಿನ ಹೆಂಗಸರೆಲ್ಲ ವರ್ಷದ ಖಾರ ಕುಟ್ಟಿಸಲು ಬರುತ್ತಾರೆ. ಅವರು ಸೀನುತ್ತಾರೆ, ಬೈಯುತ್ತಾರೆ, ಊರಿನ ಸುದ್ದಿ ಹೇಳುತ್ತಾರೆ. ಹಾಗಾಗಿ ನನ್ನ ಗಂಡ ಎಲ್ಲಿ ಏನು ಮಾಡಿದ ಎಂಬುದು ಅವನು ಮನೆಗೆ ಬರುವುದಕ್ಕೆ ಮೊದಲೇ ನನಗೆ ತಿಳಿದಿರುತ್ತದೆ.

ಮೌಲಾಸಾಬ ಮೊದಲು ಕಬ್ಬಿನ ಲಾರಿ ಓಡಿಸುತ್ತಿದ್ದ. ಭರಮಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ತೂಗುತ್ತಿದ್ದ. ಇಬ್ಬರ ಗೆಳೆತನ ಶುರುವಾದದ್ದೇ ತೂಕದ ಜಗಳದಿಂದ. ಲಾರಿಗಳ ಸಾಲಿನಲ್ಲಿ ಕೊರಳಪಟ್ಟಿ ಹಿಡಿದುಕೊಂಡವರು ಸಂಜೆ ಒಂದೇ ತಟ್ಟೆಯಲ್ಲಿ ಮಿರ್ಚಿ ತಿಂದರಂತೆ. ಈಗ ಇಬ್ಬರೂ ಕೆಲಸ ಬಿಟ್ಟು ಕೂತಿದ್ದಾರೆ. ಭರಮಪ್ಪನ ಮನೆ ನಮ್ಮ ಮನೆಯ ಎದುರಿಗೇ. ಹೆಂಡತಿ ತೀರಿಕೊಂಡ ಮೇಲೆ ಅವನೂ ಅವನ ತಾಯಿ ಸಾವಂತ್ರೆವ್ವನೂ ಆ ಮನೆಯಲ್ಲಿದ್ದಾರೆ. ಮುದುಕಿಗೆ ಎಂಬತ್ತೈದು ದಾಟಿದೆ. ಹಲ್ಲು ಎಲ್ಲಾ ಹೋಗಿವೆ, ನಾಲಿಗೆ ಪೂರ್ತಿ ಇದೆ.

ಅವರ ಮೂಲ ಊರು ಈಗ ನೀರಿನಲ್ಲಿದೆ. ಡ್ಯಾಮ್ ಕಟ್ಟಿದಾಗ ಮುಳುಗಿತು. ಬೇಸಿಗೆಯ ಕೊನೆಗೆ ನೀರು ಇಳಿದಂತೆ ಮೊದಲು ಹಣಮಪ್ಪನ ಗುಡಿಯ ದೀಪದ ಕಂಬ ತಲೆ ಎತ್ತುತ್ತದೆ, ಆಮೇಲೆ ಅಲ್ಲೊಂದು ಇಲ್ಲೊಂದು ಗೋಡೆ. ಆ ಊರಿನವರು ಮೀನು ಹಿಡಿಯುವುದು ಹಳೆಯ ಊರಿನ ಲೆಕ್ಕದಲ್ಲಿ. “ಚಾವಡಿಯಲ್ಲಿ ಏನೂ ಇಲ್ಲ, ಕುಂಬಾರ ಓಣಿಯಲ್ಲಿ ನಾಲ್ಕು ಜಿಲೇಬಿ ಸಿಕ್ಕವು” ಎಂದು ಮಾತಾಡಿಕೊಳ್ಳುತ್ತಾರೆ. ಜಿಲೇಬಿ ಎಂದರೆ ಅಂಗೈ ಅಗಲದ ಮೀನು. ನಾನು ರಾಮದುರ್ಗದವಳು. ಮದುವೆಯಾಗಿ ಬಂದ ಹೊಸದರಲ್ಲಿ, ಬಡಿಗೇರನ ಅಡುಗೆಮನೆಯಲ್ಲಿ ಮೀನು ಹಿಡಿದೆವು ಎಂದು ಯಾರೋ ಅಂದಾಗ ಈ ಊರಿನ ನೀರಿನಲ್ಲೇ ಏನೋ ದೋಷವಿದೆ ಅಂದುಕೊಂಡಿದ್ದೆ.

ಆ ಮುಳುಗಿದ ಊರಿನಲ್ಲಿ ಗೌಡರದೊಂದು ಬಾವಿ ಇತ್ತು. ಕಲ್ಲಿನಲ್ಲಿ ಕಟ್ಟಿದ ದೊಡ್ಡ ಬಾವಿ. ಬೇಸಿಗೆಯಲ್ಲಿ ಹಿನ್ನೀರೆಲ್ಲ ಕಾದು ಚಹಾ ಆದಾಗ ದೊಡ್ಡ ಮೀನುಗಳು ತಂಪು ಹುಡುಕಿಕೊಂಡು ಆ ಬಾವಿಗೆ ಇಳಿಯುತ್ತವೆ, ಅಲ್ಲೊಂದು ಭಾರಿ ಬಾಳೆಮೀನು ಇದೆ ಎಂದು ಸುದ್ದಿ. ಅರ್ಧ ಹೂಳು ತುಂಬಿದ್ದರೂ ಇನ್ನರ್ಧ ಮೀನಿಗೆ ಸಾಕು.

ಗೌಡರ ಮೊಮ್ಮಗ ನಿಂಗರಾಜನಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಗೊಬ್ಬರದ ಅಂಗಡಿ ಇದೆ. ಅವನ ಮನೆಯಲ್ಲಿ ಮೀನಿನ ಹೆಸರೆತ್ತಿದರೂ ಪಾತ್ರೆ ತೊಳೆಯುತ್ತಾರೆ. ಆದರೂ ಆ ಮೀನು ತನ್ನದೇ ಎಂಬಂತೆ ಮಾತಾಡುತ್ತಾನೆ. ತನ್ನ ಅಜ್ಜ ಅದರ ಮೂಗಿಗೆ ಬಂಗಾರದ ಮೂಗುತಿ ಹಾಕಿ ಬಾವಿಗೆ ಬಿಟ್ಟಿದ್ದನಂತೆ. ಊರು ಮುಳುಗಿ ಐವತ್ತು ವರ್ಷ ಮೀರಿತು. ಆ ಮೀನು ಈಗಲೂ ಬದುಕಿದ್ದರೆ ಅದಕ್ಕೆ ಗಾಳ ಹಾಕಬಾರದು, ವೃದ್ಧಾಪ್ಯ ವೇತನ ಕೊಡಬೇಕು.

ಮೂರು ಬೇಸಿಗೆಯ ಹಿಂದೆ ಕಲ್ಮೇಶನ ಚಹಾದಂಗಡಿಯಲ್ಲಿ ಇದೇ ಮಾತು ನಡೆದಿತ್ತು. ತಾನೂ ಒಂದು ಸಲ ಆ ಬಾವಿಗೆ ಗಾಳ ಹಾಕಬೇಕು ಎಂದು ಭರಮಪ್ಪ ಸುಮ್ಮನೆ ಅಂದ. ನಿಂಗರಾಜ ಬಸಿಯಲ್ಲಿ ಚಹಾ ಸುರಿದುಕೊಳ್ಳುತ್ತ ನಕ್ಕ.

“ಎಲ್ಲಾ ಕಡೆ ಹಾಕು ಭರಮಪ್ಪಾ. ಆ ಬಾವಿ ಮೀನ ಮಾತ್ರ ನಿಮ್ಮ ಗಾಳಕ್ಕ ಬರೂದಿಲ್ಲ. ಅದಕ್ಕ ಹಿಂದಿನ ರೂಢಿ ಗೊತ್ತೈತಿ.”

ಕೂತವರೆಲ್ಲ ನಕ್ಕರು. ಹಿಂದಿನ ರೂಢಿ ಎಂದರೆ ಏನೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಭರಮಪ್ಪನ ಕೇರಿಯವರು ಆ ಬಾವಿಯನ್ನು ಮುಟ್ಟುವಂತಿರಲಿಲ್ಲ. ಯಾರಾದರೂ ಮನಸ್ಸು ಬಂದು ಸೇದಿ ಸುರಿಯುವವರೆಗೆ ಅವರ ಹೆಂಗಸರು ಬರಿದಾದ ಕೊಡ ಇಟ್ಟುಕೊಂಡು ನಿಲ್ಲಬೇಕಿತ್ತು. ನಿಂಗರಾಜ ಕೆಟ್ಟ ಮನಸ್ಸಿನಿಂದ ಅನ್ನಲಿಲ್ಲ, ತಮಾಷೆಗೆ ಅಂದ ಎಂದು ಆಮೇಲೆ ಎಲ್ಲರೂ ಸಮಜಾಯಿಷಿ ಹೇಳಿದರು. ಕೆಟ್ಟ ಮನಸ್ಸಿನಿಂದ ಅಂದಿದ್ದರೆ ತಿರುಗಿ ಬೈಯಬಹುದಿತ್ತು. ತಮಾಷೆಗೆ ಏನು ಮಾಡುವುದು?

ನನ್ನ ಗಂಡ ಎದ್ದು ನಿಂತು, ಹೊಳೆ ನೀರಿಗೆ ದೊಣ್ಣೆನಾಯಕನ ಅಪ್ಪಣೆ ಯಾಕೆ ಎಂದು ಕೇಳಿದನಂತೆ. ಅವನು ಹೇಳುವುದರಲ್ಲಿ ನಾನು ಯಾವಾಗಲೂ ಅರ್ಧ ಬಿಡುತ್ತೇನೆ, ಈ ಮಾತನ್ನು ಮಾತ್ರ ನಂಬಿದ್ದೇನೆ. ಭರಮಪ್ಪ ಅರ್ಧ ಚಹಾ ಬಿಟ್ಟು ಎದ್ದು ಬಂದ. ಅವತ್ತಿನಿಂದ ಆ ಅಂಗಡಿಯ ಮೆಟ್ಟಿಲು ಹತ್ತಿಲ್ಲ. ಆ ಬಾವಿಯ ಮೀನನ್ನು ಹಿಡಿದು, ಹೆಗಲ ಮೇಲೆ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಮುಂದೆ ನಡೆದು ಬಂದು, ಆಮೇಲೆ ಆ ಅಂಗಡಿಯಲ್ಲೇ ಕೂತು ಚಹಾ ಕುಡಿಯುತ್ತೇನೆ ಎಂದು ನನ್ನ ಗಂಡನ ಹತ್ತಿರ ಹೇಳಿದ್ದ.

ಎರಡು ಬೇಸಿಗೆ ಹಾಗೇ ಹೋದವು. ಮೂರನೆಯದೂ ಮುಗಿಯುತ್ತ ಬಂದಿತ್ತು. ಘಟ್ಟದ ಕಡೆ ಮಳೆ ಶುರುವಾದರೆ ಹೊಳೆ ಬಂದು ಬಾವಿ ಆಳಕ್ಕೆ ಹೋಗುತ್ತದೆ, ಮತ್ತೆ ಒಂದು ವರ್ಷ ಕಾಯಬೇಕು. ತಾಯಿಗೆ ಉಬ್ಬಸ ಹೆಚ್ಚಾಗಿತ್ತು. ಅವಳಿರುವಾಗಲೇ ಆಗಬೇಕು ಎಂಬ ಹಟ ಅವನಿಗೆ. ನನಗೂ ಅವನನ್ನು ನೋಡಿದರೆ ಸಂಕಟವಾಗುತ್ತಿತ್ತು. ಮೊದಲು ನನ್ನ ಗಿರಣಿಯ ಹೊರಗೆ ನಿಂತು ಬಂದ ಹೆಂಗಸರನ್ನೆಲ್ಲ ನಗಿಸುತ್ತಿದ್ದ ಮನುಷ್ಯ, ಈಗ ಸೀನುವುದಕ್ಕೆ ಮಾತ್ರ ಬಾಯಿ ತೆರೆಯುತ್ತಿದ್ದ.

ನನ್ನ ಅಕ್ಕನ ಮಗ ವಸೀಮ್ ಧಾರವಾಡದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಅವನೊಂದು ರಾಟೆ ಇರುವ ಗಾಳದ ಕೋಲನ್ನು ತರಿಸಿ ಕಳಿಸಿದ. ಅದರ ಜೊತೆ ಒಂದು ರಬ್ಬರ್ ಕಪ್ಪೆ. ಹಸಿರು ಮೈ, ಕೆಂಪು ತುಟಿ, ಕಾಡಿಗೆ ಹಚ್ಚಿದಂಥ ಕಣ್ಣು. ಹೊಟ್ಟೆಯಲ್ಲಿ ಎರಡು ಕೊಕ್ಕೆ. ಇಂಥ ಕಪ್ಪೆಯನ್ನು ಕಂಡರೆ ಮೀನು ಕಚ್ಚುವುದಿಲ್ಲ, ಮದುವೆ ಪ್ರಸ್ತಾಪ ಕಳಿಸುತ್ತದೆ ಎಂದೆ ನಾನು. ಆದರೂ ದಿನಾ ಸಂಜೆ ಹುಣಸೆ ನೆನೆಹಾಕಿ ಕೊಬ್ಬರಿ ಅರೆದಿಡುತ್ತಿದ್ದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದಂತೆ. ಮೀನು ಬಾರದ ಆ ಮಸಾಲೆಗೆ ತತ್ತಿ ಕೊಟ್ಟು ಕೊಟ್ಟು ನಮ್ಮ ಮನೆಯ ಕೋಳಿಗಳೇ ಬೇಸತ್ತವು.

ಒಂದು ಬೆಳಿಗ್ಗೆ ಸಾವಂತ್ರೆವ್ವ ಮೆಣಸಿನಕಾಯಿಯ ಗಂಟು ಇಟ್ಟುಕೊಂಡು ಗಿರಣಿಯ ಕಟ್ಟೆಯ ಮೇಲೆ ಕೂತಿದ್ದಳು. ಹೊರಗೆ ಇವರಿಬ್ಬರ ವಾದ ನಡೆದಿತ್ತು. ಜಾಗ ಬದಲಿಸೋಣ ಎಂದು ನನ್ನ ಗಂಡ, ಬಾವಿ ಬಿಟ್ಟು ಕದಲುವುದಿಲ್ಲ ಎಂದು ಭರಮಪ್ಪ. ಅದು ಬಾವಿಯೇ ಎಂದು ಏನು ಗ್ಯಾರಂಟಿ ಎಂದು ನನ್ನ ಗಂಡ ಕೇಳಿದ್ದಕ್ಕೆ ಭರಮಪ್ಪನಿಗೆ ಸಿಟ್ಟು ಬಂತು. ದೀಪದ ಕಂಬದಿಂದ ಹರಗೋಲಿನಲ್ಲಿ ಮೂಡಣಕ್ಕೆ ನೆಟ್ಟಗೆ ಹೋದರೆ ಆಳ ನೋಡುವ ಗಳ ಒಂದು ಹಾಸುಗಲ್ಲಿಗೆ ಬಡಿಯುತ್ತದೆ, ನುಣ್ಣಗಿನ ಕಲ್ಲು, ಒಂದು ಮೂಲೆ ಒಡೆದಿದೆ, ಅದು ಬಾವಿಯ ಕಲ್ಲೇ, ಹುಟ್ಟಿದ ಊರಿನ ಬಾವಿ ತನಗೆ ಗೊತ್ತಿಲ್ಲವೇ ಎಂದು ಕೂಗಾಡಿದ. ಬಲೆ ಹಾಕುವ ಪರಪ್ಪನನ್ನು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಆದರೆ ತನ್ನೂರಿನ ಬಾವಿಗೆ ಪರ ಊರಿನವನ ಹತ್ತಿರ ದಾರಿ ಕೇಳುವ ಗಂಡಸು ಇನ್ನೂ ಹುಟ್ಟಿಲ್ಲ.

ಸಾವಂತ್ರೆವ್ವ ಕಿವಿ ನೆಟ್ಟಗೆ ಮಾಡಿದಳು. ಗಿರಣಿ ನಿಲ್ಲಿಸು ಎಂದು ನನಗೆ ಕೈ ಮಾಡಿದಳು. ಮೂಲೆ ಒಡೆದ ಕಲ್ಲೇ ಎಂದು ಮಗನನ್ನು ಎರಡು ಸಲ ಕೇಳಿದಳು. ಅವನು ಹೌದೆಂದ ಮೇಲೆ ನಗಲು ಶುರುಮಾಡಿದಳು. ಖಾರದ ಘಾಟಿಗೆ ನಗು ಕೆಮ್ಮಾಯಿತು, ಕೆಮ್ಮು ಮತ್ತೆ ನಗುವಾಯಿತು. ನಾನು ನೀರು ಕೊಟ್ಟೆ. ಕುಡಿದು, ಸೆರಗಿನಿಂದ ಕಣ್ಣು ಒರೆಸಿಕೊಂಡು ಹೇಳಿದಳು.

“ಅದು ಬಾವಿ ಅಲ್ಲೋ ಹುಚ್ಚಪ್ಪಾ. ನಾವು ಕೊಡಾ ಇಟಗೊಂಡ ನಿಲ್ಲೂ ಕಲ್ಲ ಅದು. ಬಾವಿ ಅದರ ಮುಂದ ಐತಿ.”

ಹತ್ತಿರ ಹತ್ತಿರ ಮೂರು ಬೇಸಿಗೆ ನನ್ನ ಗಂಡ ಕೋಳಿ ಕರುಳನ್ನು ತಿನ್ನಿಸಿದ್ದು ಒಂದು ಬಂಡೆಗೆ. ನಾನು ನಗಬೇಕೆಂದು ಬಾಯಿ ತೆರೆದೆ. ಭರಮಪ್ಪನ ಮುಖ ನೋಡಿದೆ. ನಗು ಅಲ್ಲೇ ನಿಂತಿತು.

ಅವನಿಗೆ ಬಾವಿ ಗೊತ್ತಿತ್ತು. ಆದರೆ ಅವರ ಮನೆಯಲ್ಲಿ ಬಾವಿಗೆ ಹೋಗಿ ಬರುತ್ತೇನೆ ಎಂದರೆ ಆ ಕಲ್ಲಿಗೆ ಹೋಗಿ ಬರುತ್ತೇನೆ ಎಂದು ಅರ್ಥ. ಹನ್ನೆರಡು ವರ್ಷದವನಾಗುವವರೆಗೆ ತಾಯಿಯ ಸೆರಗು ಹಿಡಿದು ಅವನು ನಡೆದದ್ದು ಅಲ್ಲಿಯವರೆಗೇ. ಸುತ್ತ ಬರೀ ನೀರು ತುಂಬಿರುವಾಗ ಗಳ ಆ ಕಲ್ಲಿಗೆ ಬಡಿಯಿತು, ಬಂದು ಮುಟ್ಟಿದೆವು ಎಂದು ಕಾಲು ಹೇಳಿತು. ಮುಂದೆ ಇನ್ನೂ ದಾರಿ ಇದೆ ಎಂದು ತಲೆಗೆ ಹೊಳೆಯಲೇ ಇಲ್ಲ.

ನಾಳೆ ನಾನೇ ಬಂದು ತೋರಿಸುತ್ತೇನೆ ಎಂದಳು ಮುದುಕಿ. ಬಿಸಿಲು, ಉಬ್ಬಸ, ನೀರು ಎಂದು ಮಗ ಮೂರು ಕಾರಣ ಹೇಳಿದ. ಅವಳು ಮೂರಕ್ಕೂ ಒಂದೇ ಬೈಗುಳದಲ್ಲಿ ಉತ್ತರ ಕೊಟ್ಟಳು, ಅದನ್ನು ಇಲ್ಲಿ ಬರೆಯಲಾಗುವುದಿಲ್ಲ. ಮುದುಕಿಯನ್ನು ಹಿಡಿದುಕೊಳ್ಳಲು ಒಬ್ಬ ಹೆಂಗಸು ಬೇಕು ಎಂಬ ನೆಪದಲ್ಲಿ ನಾನೂ ಗಿರಣಿಗೆ ಬೀಗ ಹಾಕಿದೆ. ನಿಜ ಹೇಳಬೇಕೆಂದರೆ ನನಗೂ ನೋಡುವ ಚಪಲವಿತ್ತು.

ಬೆಳಿಗ್ಗೆ ಟಂಟಂ ರಿಕ್ಷಾದಲ್ಲಿ ಹಿನ್ನೀರಿನ ದಂಡೆಗೆ ಹೋದೆವು. ಬಿರುಕು ಬಿಟ್ಟ ಎರೆಮಣ್ಣಿನ ಮೇಲೆ ಸಾವಂತ್ರೆವ್ವನನ್ನು ನಾನೂ ನನ್ನ ಗಂಡನೂ ಎರಡು ಕಡೆ ಹಿಡಿದು ನಡೆಸಿದೆವು. ಪರಪ್ಪನ ಹರಗೋಲು ಕೇಳಿ ಇಸಿದುಕೊಂಡಿದ್ದರು. ನಾಲ್ಕು ಜನ ಕೂತರೆ ಅದು ಮುಂದೆ ಹೋಗುವುದಕ್ಕಿಂತ ತಿರುಗುವುದೇ ಹೆಚ್ಚು. ನಾನು ಅಲ್ಲಾಹನ ಹೆಸರು ಹೇಳುತ್ತ ಅಂಚು ಹಿಡಿದು ಕೂತೆ. ಮುದುಕಿ ಕುಟ್ಟಿದ ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡು ಆರಾಮಾಗಿದ್ದಳು.

ಹಣಮಪ್ಪನ ಗುಡಿಯ ಕಂಬ ಹತ್ತಿರ ಬಂತು. ಅದರ ತುದಿಯಲ್ಲಿ ಒಂದು ನೀರುಕಾಗೆ ರೆಕ್ಕೆ ಒಣಗಿಸುತ್ತಿತ್ತು. ಸಾವಂತ್ರೆವ್ವ ಹುಟ್ಟಿದಾಗಿನಿಂದ ಆ ಕಂಬವನ್ನು ದೂರದಿಂದ ಮಾತ್ರ ನೋಡಿದವಳು. ಈಗ ಕೈ ಚಾಚಿದರೆ ಸಿಗುವಷ್ಟು ಹತ್ತಿರದಿಂದ ಕೆಳಗೂ ಮೇಲೂ ನೋಡಿ, ಇಷ್ಟು ಸಣ್ಣದಿತ್ತೇ ಎಂದು ಕೇಳಿದಳು. ಆಮೇಲೆ ನೀರಿಗೆ ತಾಂಬೂಲ ಉಗುಳಿದಳು.

ಮೂಡಣಕ್ಕೆ ತಿರುಗಿ ಸ್ವಲ್ಪ ಹೊತ್ತಾದ ಮೇಲೆ ಗಳ ಕಲ್ಲಿಗೆ ಬಡಿಯಿತು. ಅದೇ ಕಲ್ಲು. ಮುಂದೆ ನಡೆ ಎಂದಳು ಸಾವಂತ್ರೆವ್ವ. ಹುಟ್ಟು ಭರಮಪ್ಪನ ಕೈಯಲ್ಲಿತ್ತು. ಹರಗೋಲು ಮುಂದೆ ಹೋಗಲಿಲ್ಲ.

ಗಾಳಿ ಎದುರಿಗಿದೆ ಎಂದ. ಗಾಳಿಯೇ ಇರಲಿಲ್ಲ. ಮುಂದೆ ಪರಪ್ಪನ ಬಲೆ ಇರಬಹುದು ಎಂದ. ಪರಪ್ಪನ ಬಲೆ ಆಚೆ ದಂಡೆಯಲ್ಲಿತ್ತು. ಹುಟ್ಟಿನ ಹಿಡಿ ಸಡಿಲಾಗಿದೆ ಎಂದ. ಹಿಡಿ ಗಟ್ಟಿಯಾಗಿಯೇ ಇತ್ತು. ನನ್ನ ಗಂಡ ಹುಟ್ಟು ತೆಗೆದುಕೊಳ್ಳಲು ಕೈ ಚಾಚಿದ. ಮುದುಕಿ ಆ ಕೈಗೆ ಪಟ್ಟೆಂದು ಹೊಡೆದಳು.

“ನೀ ಬಿಡಪಾ ಮೌಲಾ. ಅವನೇ ಹುಟ್ಟ ಹಾಕ್ಲಿ.”

“ಯವ್ವಾ, ಕೈ ಏಳವಲ್ದು,” ಎಂದ ಭರಮಪ್ಪ.

ಅರವತ್ತೈದು ದಾಟಿದ ಮನುಷ್ಯ. ಕಾರ್ಖಾನೆಯಲ್ಲಿ ದೊಡ್ಡ ದೊಡ್ಡ ಸಾವ್ಕಾರರ ಲಾರಿಗಳನ್ನು ತಡೆದು ನಿಲ್ಲಿಸಿದವನು. ಸುತ್ತಮುತ್ತ ಒಂದು ನರಪಿಳ್ಳೆ ಇಲ್ಲ, ಬೇಡ ಎನ್ನಲು ಮೀನು ಕೂಡ ತಲೆ ಎತ್ತಿಲ್ಲ. ನೀರಿನ ಮೇಲೆ ಗೆರೆ ಯಾರು ಎಳೆದಿದ್ದಾರೆ? ಆದರೂ ಅವನ ಕೈ ಏಳುತ್ತಿಲ್ಲ. ನನಗೆ ಸಿಟ್ಟು ಬಂತು. ಸತ್ತ ಗೌಡನ ಮೇಲೆ ಬಂತು, ನಿಂಗರಾಜನ ಮೇಲೆ ಬಂತು, ನಿನ್ನೆ ನಗಲು ಹೋದ ನನ್ನ ಬಾಯಿಯ ಮೇಲೂ ಬಂತು. ಕಣ್ಣಿನಲ್ಲಿ ನೀರು ಬಂದದ್ದಕ್ಕೆ ಬಿಸಿಲು ಎಂದು ಸುಳ್ಳು ಹೇಳಿದೆ.

ಸಾವಂತ್ರೆವ್ವ ಮಾತ್ರ ಅಳಲಿಲ್ಲ. ಸಂತೆಗೆ ಹೋಗಲು ಹೊತ್ತಾಯಿತು ಎನ್ನುವ ದನಿಯಲ್ಲಿ ಹೇಳಿದಳು.

“ಗೌಡ ಸತ್ತ, ಗೌಡಶಾನಿ ಸತ್ಲು, ಊರ ಮುಳುಗೇತಿ. ಇನ್ನ ಯಾರ ಕೇಳಾವ್ರು ಅದಾರ? ನಡೀ. ನನ್ನ ನೆತ್ತಿ ಸುಡಾಕ ಹತ್ತೇತಿ.”

ಭರಮಪ್ಪ ಒಮ್ಮೆ ಉಸಿರು ಬಿಟ್ಟ. ಹುಟ್ಟನ್ನು ನೀರಿಗೆ ಹಾಕಿದ. ಹರಗೋಲು ಒಂದು ಸುತ್ತು ತಿರುಗಿ ಮುಂದೆ ಹೋಯಿತು. ಬಹಳ ದೂರವೇನೂ ಇರಲಿಲ್ಲ. ಮೊಣಕಾಲುದ್ದದ ಹಸಿರು ನೀರಿನ ಕೆಳಗೆ ಪಾಚಿ ಕಟ್ಟಿದ ಕಲ್ಲಿನ ಅಂಚು ಕಾಣಿಸಿತು, ದುಂಡಗೆ, ಅಗಲವಾಗಿ. ಅದರ ನಡುವೆ ನೀರು ಕಪ್ಪಗಿತ್ತು.

ಅವನು ಕೋಲು ಎತ್ತಿಕೊಂಡು ಕಪ್ಪೆಯನ್ನು ಎಸೆದ. ಮೊದಲ ಸಲ ಏನೂ ಆಗಲಿಲ್ಲ. ಎರಡನೆಯ ಸಲ ಕಪ್ಪೆ ಕಪ್ಪು ನೀರಿನ ನಡುವೆ ಬಂದಿತ್ತೋ ಇಲ್ಲವೋ, ನೀರು ಒಡೆದು ಸಿಡಿಯಿತು. ಕೋಲು ಬಾಗಿತು, ರಾಟೆ ಕಿರುಚಿತು. ನನ್ನ ಗಂಡ ಎಳಿ ಎಂದ, ಬಿಡು ಎಂದ, ಕನ್ನಡದಲ್ಲಿ ಒಂದು ಹೇಳಿ ಉರ್ದುವಿನಲ್ಲಿ ಅದಕ್ಕೆ ಉಲ್ಟಾ ಹೇಳಿದ. ಮೀನು ಒಮ್ಮೆ ಮಗ್ಗುಲಾದಾಗ ನಾನು ಕಣ್ಣಾರೆ ಕಂಡೆ. ಬೆಳ್ಳಗಿನ ಹೊಟ್ಟೆ, ಉದ್ದ ಮೀಸೆ, ಶಾಲೆಗೆ ಹೋಗುವ ಹುಡುಗನಷ್ಟು ಉದ್ದ. ಮೂಗನ್ನು ಮುದ್ದಾಂ ನೋಡಿದೆ, ಮೂಗುತಿ ಇರಲಿಲ್ಲ.

ಆಮೇಲೆ ಅದು ಬಾವಿಯ ಆಳಕ್ಕೆ ಇಳಿಯಿತು. ಒಳಗೆ ಯಾವುದೋ ಕಲ್ಲಿನ ಸಂದಿಯಲ್ಲಿ ಸೇರಿಕೊಂಡಿತು. ದಾರ ಬಿಗಿದು ನಿಂತಿತು, ಬರುವುದೂ ಇಲ್ಲ, ಹೋಗುವುದೂ ಇಲ್ಲ. ಎಳೆದರೆ ಹರಿಯುತ್ತದೆ ಎಂದ ನನ್ನ ಗಂಡ. ಭರಮಪ್ಪ ಕೋಲನ್ನು ಅವನ ಕೈಗೆ ಕೊಟ್ಟ. ಅಂಗಿ ಬಿಚ್ಚಿದ, ಮಡಚಿ ತಾಯಿಯ ತೊಡೆಯ ಮೇಲಿಟ್ಟ. ನಾನು ಭರಮಣ್ಣಾ ಬೇಡ ಎನ್ನುವಷ್ಟರಲ್ಲಿ ಹರಗೋಲಿನಿಂದ ಬಾವಿಯ ಕಟ್ಟೆಯ ಮೇಲೆ ಕಾಲಿಟ್ಟಿದ್ದ. ಅಲ್ಲಿ ನಿಂತು ಕೆಳಗೆ ನೋಡಿದ. ಆಮೇಲೆ ಹಾರಿದ.

ನೀರು ಮುಚ್ಚಿಕೊಂಡಿತು. ಗುಳ್ಳೆಗಳು ಎದ್ದವು, ನಿಂತವು. ನಾನು ಗೊತ್ತಿದ್ದ ದುವಾಗಳನ್ನೆಲ್ಲ ಒಂದರ ಮೇಲೊಂದು ಹೇಳಿದೆ. ಅವನು ಮೇಲೆ ಬಂದು ಉಸಿರು ತೆಗೆದುಕೊಂಡು ಮತ್ತೆ ಮುಳುಗಿದ. ಅಷ್ಟರಲ್ಲಿ ನನ್ನ ಗಂಡನ ಕೈಯಲ್ಲಿದ್ದ ಕೋಲು ಒಮ್ಮೆಲೇ ನೆಟ್ಟಗಾಯಿತು. ದಾರ ಸಡಿಲಾಗಿ ಕಪ್ಪೆ ತೇಲಿ ಬಂತು. ಅದಕ್ಕೆ ಒಂದೂ ಕಾಲಿರಲಿಲ್ಲ, ಕೆಂಪು ತುಟಿಯೂ ಇರಲಿಲ್ಲ.

ಭರಮಪ್ಪ ಮೇಲೆ ಬಂದಾಗ ಮೀನು ಹೋಯಿತು ಎಂದು ನನ್ನ ಗಂಡ ಅಳುವ ದನಿಯಲ್ಲಿ ಹೇಳಿದ. ಇನ್ನು ನಿಂಗರಾಜನಿಗೆ ಏನು ತೋರಿಸುವುದು, ಗಾಳಕ್ಕೆ ಬಂದಿತ್ತು ಎಂದರೆ ಯಾರು ನಂಬುತ್ತಾರೆ, ಬೇಕಾದರೆ ತಾನೇ ಕುರಾನ್ ಮುಟ್ಟಿ ಸಾಕ್ಷಿ ಹೇಳುತ್ತೇನೆ ಎಂದೆಲ್ಲ ಬಡಬಡಿಸಿದ. ನಾನು ನೋಡಿದ್ದೇನಲ್ಲ, ಖಾರದ ಗಿರಣಿಯಲ್ಲಿ ಹೇಳಿದರೆ ಸಾಕು, ಸಂಜೆಯೊಳಗೆ ನಾಲ್ಕು ತಾಲೂಕಿಗೆ ಮುಟ್ಟುತ್ತದೆ ಎಂದು ಸಮಾಧಾನ ಮಾಡಿದೆ.

ಭರಮಪ್ಪ ನಮ್ಮ ಮಾತು ಕೇಳುತ್ತಲೇ ಇರಲಿಲ್ಲ. ಮೀನು ಎಲ್ಲಿ ಎಂದೂ ಕೇಳಲಿಲ್ಲ. ಅಂಗಾತ ತೇಲುತ್ತಿದ್ದ. ಆಮೇಲೆ ಮಗುಚಿಕೊಂಡು ಬಾವಿಯ ಗೋಡೆಗುಂಟ ಒಂದು ಸುತ್ತು ಈಜಿದ. ನೀರಿನೊಳಗಿನ ಕಲ್ಲುಗಳನ್ನು ಕೈಯಿಂದ ಮುಟ್ಟುತ್ತ ಹೋದ.

ಸಾವಂತ್ರೆವ್ವ ನನ್ನ ಕಿವಿಯ ಹತ್ತಿರ ಬಾಗಿದಳು. ಬೇಸಿಗೆ ಬಂದರೆ ಗೌಡರ ಮನೆಯ ಹುಡುಗರು, ಊರಿನ ಉಳಿದ ಹುಡುಗರು ಇದೇ ಕಟ್ಟೆಯಿಂದ ಬಾವಿಗೆ ಜಿಗಿಯುತ್ತಿದ್ದರಂತೆ. ಇವನು ಮಧ್ಯಾಹ್ನವೆಲ್ಲ ಆ ಕಲ್ಲಿನ ಮೇಲೆ ಕೂತು ನೋಡುತ್ತಿದ್ದನಂತೆ. ಒಂದು ಸಂಜೆ ಮನೆಗೆ ಬಂದು ಕೊಡದ ತಳದಲ್ಲಿ ಉಳಿದ ನೀರನ್ನು ತಲೆಗೆ ಸುರಿದುಕೊಂಡು, ನಾನೂ ಬಾವಿಯಲ್ಲಿ ಈಜಿ ಬಂದೆ ಎಂದು ಅಪ್ಪನಿಗೆ ಹೇಳಿದ್ದನಂತೆ. ಅಪ್ಪ ಎರಡು ಸಲ ಹೊಡೆದನಂತೆ. ಒಮ್ಮೆ ನೀರು ಚೆಲ್ಲಿದ್ದಕ್ಕೆ, ಇನ್ನೊಮ್ಮೆ ಹೇಳಿದ್ದು ನಿಜ ಇದ್ದರೆ ಏನು ಗತಿ ಎಂಬ ಹೆದರಿಕೆಗೆ.

ಬಿಸಿಲು ನೆತ್ತಿಗೆ ಬಂದಿತ್ತು. ಸಾಕು ಮೇಲೆ ಬಾ, ವಯಸ್ಸು ನೋಡಿಕೋ ಎಂದು ಮುದುಕಿ ಮಗನನ್ನು ಕೂಗಿದಳು. ಭರಮಪ್ಪ ಪಾಚಿಯ ಕಲ್ಲಿಗೆ ಕೈ ಊರಿ ಜಾರುತ್ತ ಏಳುತ್ತ ಕಟ್ಟೆ ಹತ್ತಿದ. ಬೆಳ್ಳಗಾದ ಎದೆಗೂದಲಿನಿಂದ ನೀರು ಇಳಿಯುತ್ತಿತ್ತು. ನನ್ನ ಗಂಡ ಹರಗೋಲನ್ನು ಹತ್ತಿರ ತಂದು ಕೈ ಚಾಚಿದ. ಅವನು ಆ ಕೈ ಹಿಡಿಯಲಿಲ್ಲ, ನಮಗೆ ಬೆನ್ನು ಹಾಕಿ ಬಾವಿಯ ಕಡೆ ತಿರುಗಿದ.

“ತಡೀಯವ್ವಾ, ಇನ್ನೊಂದ ಸಲ ಜಿಗೀತೇನಿ,” ಎಂದು ಮೂಗು ಹಿಡಿದುಕೊಂಡ.